ಎಡಗಡೆಯ ಬಾಲಯೇಸು

ಬಾಲಯೇಸು ಎಡಗಡೆ ಚುಚ್ಚುತ್ತಿದ್ದ. ಎನೆದಿನಾ ಕುರ್ಚಿಯಲ್ಲಿ ಸ್ವಲ್ಪ ಬಲಕ್ಕೆ ವಾಲಿದಳು. ಅದನ್ನೇ ಕಾಯುತ್ತಿದ್ದವನಂತೆ ಅವನು ಇನ್ನಷ್ಟು ಕೆಳಗೆ ಜಾರಿ, ಬ್ರಾದ ಪಟ್ಟಿಗೂ ಪಕ್ಕೆಲುಬಿಗೂ ನಡುವೆ ಕಾಲು ಚಾಚಿಕೊಂಡ. ಬಿಳಿ ಪ್ಲಾಸ್ಟಿಕ್ಕಿನವನು, ಕಡಲೆಕಾಯಿಯಷ್ಟು ಉದ್ದ, ಎತ್ತಿಕೋ ಎಂಬಂತೆ ಎರಡೂ ಕೈ ಮುಂದೆ ಚಾಚಿರುವವನು. ಚುಚ್ಚುತ್ತಿದ್ದುದು ಆ ಕೈಗಳೇ. ಆಸ್ಪತ್ರೆಯ ಕಿಟಕಿಯ ಗಾಜನ್ನು ಪಚೂಕಾ ಊರಿನ ಗಾಳಿ ಎಂದಿನಂತೆ ಬಡಿಯುತ್ತಿತ್ತು. ಕಾಯುವ ಕೋಣೆಯಲ್ಲಿ ಹೆಂಗಸರು ಕೋಟು ಬಿಚ್ಚದೆ ಕುಳಿತಿದ್ದರು. ಪಕ್ಕದಲ್ಲಿ ಗಂಡನ ಅಕ್ಕ ಬ್ರಿಹಿದಾ, ತೊಡೆಯ ಮೇಲೆ ಕುರಿಮರಿಯಷ್ಟು ದೊಡ್ಡ ಕೈಚೀಲ ಇಟ್ಟುಕೊಂಡು, ಮೆಕ್ಕೆಜೋಳದ ಹಿಟ್ಟಿನ ಬಗ್ಗೆ ಮಾತಾಡುತ್ತಿದ್ದಳು. ಮನೆಯಿಂದ ಹೊರಟಾಗಿನಿಂದ ಅದೇ ಮಾತು. ವ್ಯಾನಿನಲ್ಲಿ ಅದೇ, ಗಡಿಯಾರದ ಗೋಪುರದ ಹತ್ತಿರ ಇಳಿದಾಗ ಗಾಳಿಗೆ ಲಂಗ ಹಿಡಿದುಕೊಂಡು ಅದೇ. ನಡುವೆ ಒಂದು ಕ್ಷಣ ಬಿಡುವು ಸಿಕ್ಕರೆ ಎನೆದಿನಾ ಸಾವಿನ ಬಗ್ಗೆ ನೆಮ್ಮದಿಯಾಗಿ ಯೋಚಿಸಬಹುದಿತ್ತು.

"ಮೂವತ್ತು ಜನಕ್ಕೆ ತಮಾಲೆ ಅಂದ್ರೆ ಆಟಾನಾ ಎನೆ? ಹಿಟ್ಟು ನಾದಿ ನಾದಿ ತೋಳು ಬಿದ್ದು ಹೋಗುತ್ತೆ. ಎಲ್ಲಾ ಆ ಬೇಕರಿಯೋನಿಂದ. ಮೊದಲನೇ ರೊಸ್ಕಾದಲ್ಲಿ ಗೊಂಬೆ ಹಾಕಿದ್ದಿದ್ರೆ ಅದು ಯಾರಿಗೋ ಸಿಕ್ತಿತ್ತು, ನನ್ನ ಪಾಡಿಗೆ ನಾನಿರ್ತಿದ್ದೆ."

"ಹೌದು ಅತ್ತಿಗೆ," ಎಂದಳು ಎನೆದಿನಾ. ಬಾಲಯೇಸು ಚುಚ್ಚಿದ.

ಜನವರಿ ಆರರ, ಮೂವರು ಅರಸರ ಹಬ್ಬದ ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಮೇಜಿನ ಸುತ್ತ ನಿಂತು ರೊಸ್ಕಾ ಕತ್ತರಿಸಿದ್ದರು. ಸಕ್ಕರೆ ಹಚ್ಚಿದ ಹಣ್ಣಿನ ಚೂರುಗಳು ಅಂಟಿಕೊಂಡ, ಬಳೆಯಂತೆ ದುಂಡಗಿನ ಬ್ರೆಡ್ಡು. ತನ್ನ ಪಾಲನ್ನು ತಾನೇ ಕತ್ತರಿಸಬೇಕು. ಯಾರ ಚೂರಿನಲ್ಲಿ ಒಳಗೆ ಹುದುಗಿಸಿಟ್ಟ ಬಾಲಯೇಸುವಿನ ಗೊಂಬೆ ಬರುತ್ತದೋ ಅವರು ಫೆಬ್ರವರಿ ಎರಡಕ್ಕೆ, ಕಂದೆಲಾರಿಯಾ ಹಬ್ಬಕ್ಕೆ, ಅಷ್ಟೂ ಜನಕ್ಕೆ ತಮಾಲೆ, ಅಂದರೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಜೋಳದ ಹಿಟ್ಟಿನ ಕಡುಬು, ಮಾಡಿ ಹಾಕಬೇಕು. ಹೋದ ವರ್ಷ ಬಂದದ್ದು ಎನೆದಿನಾಗೆ. ಅವಳ ತಮಾಲೆಗಳು ಒಣಗಿದ್ದವು. ಒಣಗಿದ್ದವು ಎಂದು ಅವಳೂ ಒಪ್ಪುತ್ತಾಳೆ, ಆದರೆ ಅದನ್ನು ಬ್ರಿಹಿದಾ ಹೇಳಿದ ರೀತಿ! ಒಂದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದನ್ನ ಎರಡು ಲಾರಿ ಕಳಿಸು, ಹಿತ್ತಿಲ ಗೋಡೆ ಎತ್ತಿಬಿಡೋಣ," ಎಂದಿದ್ದಳು. ಮೂವತ್ತು ಜನ ನಕ್ಕಿದ್ದರು. ಗಂಡ ಫಿದೆನ್ಸಿಯೊ ಕೂಡ ನಕ್ಕಿದ್ದ, ಆಮೇಲೆ ಕೆಮ್ಮಿದವನಂತೆ ನಟಿಸಿದ್ದ. ವರ್ಷವಿಡೀ ಆ ನಗು ಅವಳ ಕಿವಿಯಲ್ಲಿ ಮನೆ ಮಾಡಿತ್ತು. ತರಗತಿಯಲ್ಲಿ ನದಿಗಳ ಹೆಸರು ಹೇಳಿಕೊಡುವಾಗ ಮಕ್ಕಳು ಸುಮ್ಮನೆ ನಕ್ಕರೂ ತಮಾಲೆಗೇ ನಕ್ಕರೆಂದು ಅನ್ನಿಸುತ್ತಿತ್ತು. ಹಾಗಾಗಿ ಈ ಸಲ ಹಲ್ಲಿಗೆ ಗಟ್ಟಿಯಾಗಿ ಏನೋ ತಗುಲಿದೊಡನೆ ಅವಳು ಯೋಚಿಸಲೇ ಇಲ್ಲ. ನಾಲಿಗೆ ತಾನೇ ತಾನಾಗಿ ಅದನ್ನು ಎಡದವಡೆಗೆ ಒತ್ತರಿಸಿ ಮುಚ್ಚಿಟ್ಟಿತು. ಅವಳು ಮುಗುಳ್ನಕ್ಕಳು. ಆಗಲೇ ಮಾವನ ಮನೆಯವರು ಯಾರೋ ಏನೋ ಜೋಕು ಹೊಡೆದರು, ಬ್ರಿಹಿದಾ ನಗುತ್ತ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ದವಡೆ ಕಚ್ಚಿಕೊಂಡಿತು, ಬಾಲಯೇಸುವಿನ ಚಾಚಿದ ಕೈ ವಸಡಿನೊಳಕ್ಕೆ ನಾಟಿತು. ಕಣ್ಣಲ್ಲಿ ನೀರು ಬಂತು. "ನೋಡ್ರೋ, ಎನೆದಿನಾಗೆ ಎಷ್ಟು ನಗು!" ಎಂದರು ಎಲ್ಲರೂ.

ರೊಸ್ಕಾ ಮುಗಿಯಿತು, ಗೊಂಬೆ ಯಾರಿಗೂ ಬರಲಿಲ್ಲ. ಬ್ರಿಹಿದಾ ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಬೇಕರಿಗೆ ಹೋಗಿ, ತ್ರಾಂಕಿಲಿನೊ ಎಂಬ ಆ ಬಡಪಾಯಿಯನ್ನು ಇಡೀ ಬೀದಿಗೆ ಕೇಳುವಂತೆ ದೇವರ ಮಗನನ್ನೇ ಕದ್ದವನೆಂದು ಬೈದಳು. ಅವನು ತಾನೇ ಕೈಯಾರೆ ಹಾಕಿದ್ದಾಗಿ ತಾಯಿಯ ಮೇಲೆ ಆಣೆ ಇಟ್ಟ. ಆಮೇಲೆ ಆಣೆಯಿಂದ ಉಪಯೋಗವಿಲ್ಲವೆಂದು ತಿಳಿದು ಇನ್ನೊಂದು ರೊಸ್ಕಾವನ್ನು ಪುಕ್ಕಟೆ ಕೊಟ್ಟು ಕಳಿಸಿದ. ಅದನ್ನೂ ತಿಂದರು. ಅದರ ಗೊಂಬೆ ಬ್ರಿಹಿದಾಗೇ ಬಂತು. ಆ ಹೊತ್ತಿಗೆ ಎನೆದಿನಾ ಬಚ್ಚಲಲ್ಲಿ ರಕ್ತ ಉಗುಳಿ, ಬಾಲಯೇಸುವನ್ನು ತೊಳೆದು, ಸದ್ಯಕ್ಕೆಂದು ಬ್ರಾದೊಳಗೆ ಸೇರಿಸಿ ಆಗಿತ್ತು.

ಸದ್ಯಕ್ಕೆ ಎಂದದ್ದು ಇಂದಿಗೂ ಮುಗಿದಿಲ್ಲ. ಎಸೆಯುವುದು ಹೇಗೆ? ಕಸದ ಬುಟ್ಟಿಯಲ್ಲಿ ಮೊಟ್ಟೆಯ ಚಿಪ್ಪಿನ ನಡುವೆ ಅವನು ಕೈ ಚಾಚಿ ಮಲಗಿದ್ದನ್ನು ಕಂಡು ತಾನೇ ಎತ್ತಿಕೊಂಡಳು. ಕಮೋಡಿಗೆ ಹಾಕಿ ನೀರು ಬಿಡುವ ಯೋಚನೆ ಬಂದುದಕ್ಕೇ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು, ಬರೆಯುವಾಗ ಬೆರಳು ಅವನಿಗೇ ತಗುಲಿತು. ಅಕ್ಕಿ ಡಬ್ಬಿಯಲ್ಲಿ ಹೂಳೋಣವೆಂದರೆ ಅತ್ತೆ ಬಂದಾಗಲೆಲ್ಲ ಅಕ್ಕಿಯಲ್ಲಿ ಕೈಯಾಡಿಸುತ್ತಾಳೆ. ಚರ್ಚಿನ ಕ್ರಿಸ್ಮಸ್ ಗೋದಲಿಯಲ್ಲಿ ಬಿಟ್ಟುಬರೋಣವೆಂದು ಹೋದರೆ ಅಲ್ಲಿ ಕೋಳಿಯಷ್ಟು ದಪ್ಪನೆಯ ಇನ್ನೊಬ್ಬ ಆಗಲೇ ಮಲಗಿದ್ದ. ಇವನನ್ನು ಪಕ್ಕದಲ್ಲಿಟ್ಟರೆ ಅವಳಿಗಳಾಗಿಬಿಡುತ್ತಿದ್ದರು. ಕೊನೆಗೆ ಯಾರೂ ಕೈ ಹಾಕದ ಜಾಗ ಇದೊಂದೇ ಎಂದು ಉಳಿಯಿತು. ಯಾರೂ ಎಂದರೆ ಫಿದೆನ್ಸಿಯೊ ಒಬ್ಬನನ್ನು ಬಿಟ್ಟು. ಮೂರು ದಿನದ ಹಿಂದೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಅವನು ಹಿಂದಿನಿಂದ ಬಂದು ಅಪ್ಪಿಕೊಂಡವನು, ಕೈ ತಟಕ್ಕನೆ ನಿಲ್ಲಿಸಿ, "ಇದೇನೇ ಇಲ್ಲಿ, ಗಟ್ಟಿ?" ಎಂದ. "ಏನಿಲ್ಲ," ಎಂದು ಅವಳು ಜಾರಿಕೊಂಡಳು. ಅವನು ಮತ್ತೆ ಕೇಳಲಿಲ್ಲ. ಎಷ್ಟು ಸಲೀಸಾಗಿ ಪಾರಾದೆ ಎಂದು ಅವಳಿಗೆ ಖುಷಿಯಾಗಿತ್ತು.

ಏನಿಲ್ಲ. ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಅಮ್ಮ ಎಡಗಡೆ ರವಿಕೆಯೊಳಗೆ ಮಡಿಚಿದ ಕರವಸ್ತ್ರ ಇಟ್ಟುಕೊಂಡು ಓಡಾಡುತ್ತಿದ್ದ ವರ್ಷ ಎನೆದಿನಾ ಇನ್ನೂ ಮದುವೆಯಾಗಿರಲಿಲ್ಲ. "ಅದೇನಮ್ಮ ನಿಧಿ ಮುಚ್ಚಿಟ್ಟಿದ್ದೀಯ ಅಲ್ಲಿ?" ಎಂದು ರೇಗಿಸಿದ್ದಳು. "ಏನಿಲ್ಲ, ಹೋಗು," ಎಂದು ಅಮ್ಮನೂ ನಕ್ಕಿದ್ದಳು. ಆ ಕರವಸ್ತ್ರ ಏನನ್ನು ಮುಚ್ಚಿತ್ತೆಂದು ಡಾಕ್ಟರು ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ರೇಗಿಸಿದ ಆ ಒಂದು ಮಾತನ್ನು ಎನೆದಿನಾ ತನಗೆ ತಾನೇ ಕ್ಷಮಿಸಿಲ್ಲ. ಅದಕ್ಕೇ ಈ ಆಸ್ಪತ್ರೆಯವರು ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದ ಹೆಂಗಸರ ರಕ್ತವನ್ನು ವರ್ಷವರ್ಷವೂ ಪರೀಕ್ಷಿಸುತ್ತೇವೆ, ಮೈಯೊಳಗಿನ ಉರಿಯೂತಕ್ಕೂ ಸಕ್ಕರೆಗೂ ಈ ಕಾಯಿಲೆಗೂ ನಂಟಿದೆಯೇ ನೋಡುತ್ತೇವೆ ಎಂದಾಗ ಮೊದಲು ಹೆಸರು ಕೊಟ್ಟವಳು ಅವಳೇ. ಹಿಂದಿನ ವರ್ಷಗಳಲ್ಲೆಲ್ಲ ಒಳ್ಳೆಯ ವಿದ್ಯಾರ್ಥಿಯ ಹಾಗೆ ಎರಡರಲ್ಲೂ ಪಾಸಾಗಿದ್ದಳು. ಈ ಸಲ ಅರಸರ ಹಬ್ಬ ಕಳೆದು ಎರಡು ದಿನಕ್ಕೆ ರಕ್ತ ಕೊಟ್ಟಿದ್ದಳು. ನಿನ್ನೆ ಫೋನು ಬಂತು: ವರದಿ ಬಂದಿದೆ, ಡಾಕ್ಟರು ಮಾತಾಡಬೇಕಂತೆ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ.

ಜೊತೆಗೆ ಯಾರನ್ನಾದರೂ ಎಂದರೆ ಏನರ್ಥ? ಒಳ್ಳೆಯ ಸುದ್ದಿಗೆ ಜೊತೆ ಯಾಕೆ? ಗಂಡನನ್ನು ಕರೆಯುವ ಮೊದಲೇ ಬ್ರಿಹಿದಾ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಫಿದೆನ್ಸಿಯೊಗೆ ವ್ಯಾನ್ ಓಡಿಸೋದು ಇದೆ. ನಾನು ಬರ್ತೀನಿ. ಬೇಡ ಅನ್ಬೇಡ," ಎಂದಳು. ಬೇಡ ಎನ್ನಲು ಬ್ರಿಹಿದಾ ಯಾವತ್ತು ಬಿಟ್ಟಿದ್ದಾಳೆ?

ಡಾಕ್ಟರ್ ಸುಲೇಮಾ ಚಿಕ್ಕ ವಯಸ್ಸಿನವಳು, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮೇಜಿನ ಮೇಲೆ ಅದನ್ನೇ ಹುಡುಕುತ್ತಿದ್ದಳು. ಇಬ್ಬರನ್ನೂ ಕೂರಿಸಿದಳು. ಎನೆದಿನಾ ಅವಳ ತಲೆಯನ್ನೇ ನೋಡುತ್ತಿದ್ದಳು. ಕನ್ನಡಕ ಅಲ್ಲಿದೆ ಎಂದು ಹೇಳಿಬಿಟ್ಟರೆ ಆಕೆ ವರದಿಯನ್ನು ಓದಿಬಿಡುತ್ತಾಳೆ, ಹೇಳದಿದ್ದರೆ ಇನ್ನೆರಡು ನಿಮಿಷ ತಾನು ಆರೋಗ್ಯವಂತೆ. ಬ್ರಿಹಿದಾ ಹೇಳಿಬಿಟ್ಟಳು.

"ನೋಡಿ ಟೀಚರ್," ಎಂದಳು ಡಾಕ್ಟರ್, "ಗಾಬರಿ ಆಗ್ಬೇಡಿ. ಉರಿಯೂತ ತೋರಿಸೋ ಅಂಶ ಈ ಸಲ ತುಂಬಾ ಮೇಲೆ ಹೋಗಿದೆ. ಶುಗರೂ ಜಾಸ್ತಿ. ಇದರಿಂದಾನೇ ಕ್ಯಾನ್ಸರ್ ಇದೆ ಅಂತಾಗಲಿ ಬರುತ್ತೆ ಅಂತಾಗಲಿ ಹೇಳೋಕಾಗಲ್ಲ. ವರ್ಷಗಟ್ಟಲೆ ಹೀಗೇ ಇದ್ರೆ ಅಪಾಯ ಜಾಸ್ತಿ ಆಗುತ್ತಾ ಅಂತ ನಾವೇ ಇನ್ನೂ ಹುಡುಕ್ತಾ ಇದೀವಿ. ಆದ್ರೆ ನಿಮ್ಮ ತಾಯಿಗೆ ಇತ್ತಲ್ಲ, ಸುಮ್ನೆ ಬಿಡೋಹಾಗಿಲ್ಲ. ಆ ದಿನಗಳಲ್ಲಿ ಜ್ವರ ಬಂದಿತ್ತಾ? ಎಲ್ಲಾದ್ರೂ ಗಾಯ, ಕೀವು, ಹಲ್ಲುನೋವು?"

ನಾಲಿಗೆ ಎಡದವಡೆಯ ಊದಿದ ವಸಡನ್ನು ಮುಟ್ಟಿ ಬಂತು. ಅಲ್ಲಿ ಇನ್ನೂ ಉಪ್ಪುಪ್ಪು ರುಚಿ. ಉತ್ತರ ಬಾಯಲ್ಲೇ ಇತ್ತು, ಅಕ್ಷರಶಃ. ಪಕ್ಕದಲ್ಲಿ ಬ್ರಿಹಿದಾ ಕೈಚೀಲದ ಹಿಡಿಯನ್ನು ಹಿಂಡುತ್ತ ಅವಳ ಮುಖವನ್ನೇ ನೋಡುತ್ತಿದ್ದಳು. ಹಲ್ಲುನೋವು ಎಂದರೆ ಯಾಕೆ ಎನ್ನುತ್ತಾರೆ. ಏನೋ ಕಚ್ಚಿದೆ ಎಂದರೆ ಏನನ್ನು ಎನ್ನುತ್ತಾರೆ. ಈ ಬ್ರಿಹಿದಾ ಬಾಲ ಸಿಕ್ಕಿದರೆ ಇಡೀ ಇಲಿಯನ್ನು ಎಳೆಯುವವಳು.

"ಇಲ್ಲ," ಎಂದಳು ಎನೆದಿನಾ.

"ರಕ್ತ ಕೊಟ್ಟ ದಿನ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ರಿ ತಾನೆ?"

ಆ ಬೆಳಿಗ್ಗೆ ವ್ಯಾನಿಗೆ ಕಾಯುವಾಗ ಅವಳ ಕೈಚೀಲದಲ್ಲಿ ಎರಡನೇ ರೊಸ್ಕಾದ ಕೊನೆಯ ತುಂಡು ಇತ್ತು, ಅಂಜೂರದ ಚೂರು ಅಂಟಿಕೊಂಡಿದ್ದು. ನೋವಿಲ್ಲದ ಬಲದವಡೆಯಲ್ಲಿ ಮೆಲ್ಲಗೆ ಅಗಿದಿದ್ದಳು. ತುಂಡನ್ನು ತಿಂದರೆ ತಿಂದಂತೆ, ಪುಡಿಪುಡಿ ಮಾಡಿ ತಿಂದರೆ ತಿಂದಂತಲ್ಲ ಎಂದು ಅವತ್ತು ಅವಳಿಗೆ ಬಹಳ ಸ್ಪಷ್ಟವಾಗಿ ಅನ್ನಿಸಿತ್ತು.

"ಏನೂ ಇಲ್ಲ," ಎಂದಳು.

ಡಾಕ್ಟರ್ ಮುಖ ಗಂಭೀರವಾಯಿತು. ಸುಳ್ಳು ಹೇಳಿ ತನ್ನ ಕಾಯಿಲೆಯನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತಿದ್ದೇನೆಂದು ಎನೆದಿನಾಗೆ ಗೊತ್ತಾಗುತ್ತಿತ್ತು. ಮತ್ತೂ ವಿಚಿತ್ರವೆಂದರೆ, ಹೇಳುತ್ತ ಹೇಳುತ್ತ ಅವಳಿಗೇ ಅದು ನಿಜವೆನ್ನಿಸತೊಡಗಿತು. ಗಾಯವಿಲ್ಲ, ತಿಂದಿಲ್ಲ, ಅಂದ ಮೇಲೆ ಇದು ಅಮ್ಮನದೇ. ಅಮ್ಮನ ಮೂಗು ಬಂದಿದೆ, ಅಮ್ಮನ ಮಂಡಿನೋವು ಬಂದಿದೆ, ಇದೂ ಬಂತು. ವಸಡು ಊದಿದ್ದು ಬರೀ ನೆಪವಿರಬಹುದು, ಕೆಳಗೆ ನಿಜವಾದದ್ದು ಸದ್ದಿಲ್ಲದೆ ಬೆಳೆಯುತ್ತಿರಬಹುದು. ಯಾವುದು ಯಾವುದೆಂದು ತಿಳಿಯುವ ದಾರಿಯನ್ನು ಒಂದು ಪ್ಲಾಸ್ಟಿಕ್ ಗೊಂಬೆಗಾಗಿ ತಾನೇ ಮುಚ್ಚಿಹಾಕುತ್ತಿದ್ದೇನೆ. ಅವಳಿಗೆ ಅಳು ಬಂತು, ಜೊತೆಗೆ ಯಾಕೋ ಅಂಜೂರದ ನೆನಪೂ ಬಂತು.

"ಪರೀಕ್ಷೆ ಮಾಡಿ ನೋಡೋಣ," ಎಂದಳು ಡಾಕ್ಟರ್. "ಪರದೆ ಹಿಂದೆ ಹೋಗಿ ಸೊಂಟದ ಮೇಲಿನದೆಲ್ಲ ಬಿಚ್ಚಿ, ಅಲ್ಲಿರೋ ಗೌನು ಹಾಕ್ಕೊಳ್ಳಿ. ಮುಂದುಗಡೆ ತೆರೆದಿರಲಿ."

ಪರದೆಯ ಹಿಂದೆ ಹೋದಾಗಲೇ ಅವಳಿಗೆ ಬಾಡಿಗೆದಾರನ ನೆನಪಾದದ್ದು. ಬ್ರಾ ಬಿಚ್ಚಿದೊಡನೆ ಅವನು ಅಂಗೈಗೆ ಬಿದ್ದ, ಬೆಚ್ಚಗೆ, ಬೆವತುಕೊಂಡು. ಗೌನಿಗೆ ಜೇಬಿಲ್ಲ. ಲಂಗಕ್ಕೂ ಇಲ್ಲ. ಕೈಚೀಲ ಬ್ರಿಹಿದಾಳ ಹತ್ತಿರ. ಬಿಚ್ಚಿಟ್ಟ ಬಟ್ಟೆಯಲ್ಲಿ ಸುತ್ತೋಣವೆಂದರೆ, "ಬಟ್ಟೆ ಇಲ್ಲಿ ಕೊಡೇ, ನಾನು ಹಿಡ್ಕೊಂಡಿರ್ತೀನಿ," ಎಂದು ಬ್ರಿಹಿದಾಳ ಕೈ ಆಗಲೇ ಪರದೆಯ ಸಂದಿಯಿಂದ ಒಳಗೆ ಬಂದಿತ್ತು. ಮುಷ್ಟಿಯಲ್ಲಿಟ್ಟುಕೊಂಡಳು. "ಮಲಗಿ ಟೀಚರ್, ಎರಡೂ ಕೈ ತಲೆ ಮೇಲೆ, ಬೆರಳು ಬಿಡಿಸಿ, ಸಡಿಲ ಬಿಡಿ," ಎಂದು ಡಾಕ್ಟರ್ ಬಂದಳು. ಇನ್ನು ಉಳಿದದ್ದು ಒಂದೇ ಜಾಗ. ಬಾಲಯೇಸುವಿಗೂ ದಾರಿ ಗೊತ್ತಿತ್ತು.

ತಣ್ಣಗಿನ ಬೆರಳುಗಳು ಬಲಗಡೆ ಸುತ್ತಿದವು, ಎಡಗಡೆ ಸುತ್ತಿದವು. ಎನೆದಿನಾ ಚಾವಣಿಯ ತೇವದ ಕಲೆಯನ್ನು ನೋಡುತ್ತಿದ್ದಳು. ಅದು ಭೂಪಟದ ಹಾಗಿತ್ತು, ಯಾವ ದೇಶವೆಂದು ಹೊಳೆಯಲಿಲ್ಲ. ಬೆರಳು ಎಡಗಡೆ ಒಂದು ಕಡೆ ನಿಂತಿತು. "ಇಲ್ಲಿ ಏನೋ ಒತ್ತಿದ ಗುರುತಿದೆಯಲ್ಲ, ಪುಟ್ಟ ಕೈ ಇದ್ದ ಹಾಗೆ," ಎಂದು ತನ್ನಷ್ಟಕ್ಕೆ ಅಂದುಕೊಂಡು ಡಾಕ್ಟರ್ ಮುಂದೆ ಸಾಗಿದಳು. ಕಂಕುಳು. ಕೊರಳ ಮೂಳೆ. ಕತ್ತು. ದವಡೆಯ ಕೆಳಗೆ ಬೆರಳು ಮತ್ತೆ ನಿಂತಿತು, ಈ ಸಲ ಮುಂದೆ ಹೋಗಲಿಲ್ಲ.

"ಇಲ್ಲೊಂದು ಗಂಟಿದೆ," ಎಂದಳು.

ಪರದೆಯ ಆಚೆ ಕೈಚೀಲ ಧೊಪ್ಪನೆ ನೆಲಕ್ಕೆ ಬಿತ್ತು.

"ನೋವಾಗುತ್ತಾ?"

"ಉಂ," ಎಂದಳು ಎನೆದಿನಾ.

"ಎಷ್ಟು ದಿನದಿಂದ?"

"ಉಂ ಉಂ."

"ಬಾಯಿ ತೆಗೀರಿ ಟೀಚರ್."

ಎಷ್ಟು ವರ್ಷಗಳಿಂದ ಅವಳು ಇದೇ ಮಾತನ್ನು ಆಡುತ್ತ ಬಂದಿದ್ದಾಳೆ! ಚೂಯಿಂಗ್ ಗಮ್ ಅಗಿಯುವ ಮಕ್ಕಳ ಮುಂದೆ ಕೈ ಚಾಚಿ ನಿಂತು, ಬಾಯಿ ತೆಗಿ, ಉಗುಳು ಇಲ್ಲಿ, ಎಂದು. ಅವರು ತುಟಿ ಬಿಗಿದು, ಕಣ್ಣರಳಿಸಿ, ತಲೆ ಅಲ್ಲಾಡಿಸುತ್ತಿದ್ದುದನ್ನು ನೋಡಿ ಎಷ್ಟು ದಡ್ಡರಿವರು ಎಂದುಕೊಳ್ಳುತ್ತಿದ್ದಳು. ಈಗ ಅವಳು ತುಟಿ ಬಿಗಿದಳು, ಕಣ್ಣರಳಿಸಿದಳು, ತಲೆ ಅಲ್ಲಾಡಿಸಿದಳು. ಡಾಕ್ಟರ್ ಕೈಯಲ್ಲಿ ಪುಟ್ಟ ಟಾರ್ಚು ಹತ್ತಿತು. ಅವಳು ಬಾಯಿ ತೆರೆದಳು.

ಆಮೇಲೆ ಚಿಮಟದ ತಣ್ಣನೆಯ ರುಚಿ, ಸ್ಟೀಲ್ ತಟ್ಟೆಯಲ್ಲಿ ಟಣ್ ಎಂದ ಸದ್ದು. ಬಾಲಯೇಸು ಅಂಗಾತ ಬಿದ್ದು ಡಾಕ್ಟರಿಗೆ ಕೈ ಚಾಚಿದ. ಡಾಕ್ಟರೂ ಪಚೂಕಾದವಳೇ, ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಭುಜ ಕುಲುಕಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ಪರದೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಎಷ್ಟು ಜನಕ್ಕೆ?"

"ಮೂವತ್ತು," ಎಂದು ಎನೆದಿನಾ ಪಿಸುಗುಟ್ಟಿದಳು.

"ನಾನಾಗಿದ್ರೆ ನುಂಗೇಬಿಡ್ತಿದ್ದೆ." ಮತ್ತೆ ಟಾರ್ಚು ಹಿಡಿದು ನೋಡಿದಳು. "ವಸಡು ಕೀವಾಗಿದೆ. ಉರಿಯೂತ ಮೇಲೆ ಹೋಗೋಕೆ ಇಷ್ಟು ಸಾಕು. ತಿಂದಿದ್ದು ನಿಜ ತಾನೆ ಅವತ್ತು?"

"ಬರೀ ಪುಡಿ."

"ಪುಡಿ! ಸರಿ. ಎದೇಲಿ ನನ್ನ ಕೈಗೆ ಏನೂ ಸಿಗ್ಲಿಲ್ಲ. ಹಾಗಂತ ಪೂರ್ತಿ ಪಾರಾದ್ರಿ ಅಂತಲ್ಲ. ಮ್ಯಾಮೊಗ್ರಾಮ್ ಮಾಡಿಸ್ಲೇಬೇಕು. ಇವತ್ತೇ ದಂತವೈದ್ಯರ ಹತ್ರ ಹೋಗಿ. ವಸಡು ಪೂರ್ತಿ ವಾಸಿಯಾದ ಮೇಲೆ ಇನ್ನೊಂದ್ಸಲ ರಕ್ತ ನೋಡೋಣ. ಕಂದೆಲಾರಿಯಾ ಕಳೆದು ಹತ್ತು ದಿನ ಬಿಟ್ಟು ಬನ್ನಿ. ಅಲ್ಲೀವರೆಗೆ ಈ ದೇಶದಲ್ಲಿ ಯಾರ ರಕ್ತಾನೂ ನಿಜ ಹೇಳಲ್ಲ." ಆಮೇಲೆ ತಟ್ಟೆಯತ್ತ ಕಣ್ಣು ಹಾಯಿಸಿ, "ಇದರ ವಿಷಯ ನನ್ನ ಬಾಯಿಂದ ಹೊರಗೆ ಬರಲ್ಲ," ಎಂದಳು.

ಎನೆದಿನಾ ಎದ್ದು ಕುಳಿತು ಗೌನನ್ನು ಮುಂದೆ ಎಳೆದುಕೊಂಡಳು. ಅಂದರೆ ಇನ್ನೂ ತಪ್ಪಿಸಿಕೊಳ್ಳಬಹುದು. ವಸಡಿನ ಹುಣ್ಣು ಎಂದಷ್ಟೇ ಹೇಳಿ, ಇವನನ್ನು ಮತ್ತೆ ಅಲ್ಲಿಗೇ ಸೇರಿಸಿ, ತಲೆಯೆತ್ತಿಕೊಂಡು ನಡೆಯಬಹುದು. ಪರದೆಯ ಆಚೆಯಿಂದ ಏನೋ ಸದ್ದು ಕೇಳುತ್ತಿತ್ತು. ಸಣ್ಣಗೆ, ಯಾರೋ ಮೂಗು ಸೇದುತ್ತಿರುವ ಹಾಗೆ. ಬ್ರಿಹಿದಾಗೆ ನೆಗಡಿಯಾಗಿರಲಿಲ್ಲ. ಪರದೆ ಸರಿಸಿ ನೋಡಿದಳು. ಅತ್ತಿಗೆ ಎನೆದಿನಾಳ ರವಿಕೆ, ಬ್ರಾ, ಸ್ವೆಟರು ಎಲ್ಲವನ್ನೂ ಮಗುವಿನ ಹಾಗೆ ಎದೆಗವಚಿಕೊಂಡು, ಅದರಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಬಿದ್ದ ಕೈಚೀಲದಿಂದ ಜಪಮಾಲೆ, ಬಾಚಣಿಗೆ, ಬಾಳೆಹಣ್ಣು ನೆಲದ ಮೇಲೆ ಚೆಲ್ಲಿದ್ದವು.

"ಗಂಟಿದೆ ಅಂದ್ರಲ್ಲ," ಎಂದಳು ಬ್ರಿಹಿದಾ, ಮುಖ ಎತ್ತದೆ. "ನಂಗೆ ಮೊದಲೇ ಗೊತ್ತಿತ್ತು ಕಣೆ. ಫಿದೆನ್ಸಿಯೊ ಹೇಳಿದ. ಎಡಗಡೆ ಗಟ್ಟಿಯಾಗಿ ಕೈಗೆ ಸಿಕ್ತು ಅಕ್ಕ, ಅವಳು ಏನಿಲ್ಲ ಅಂತಾಳೆ, ಅವರಮ್ಮನ ಹಾಗೇ ಮುಚ್ಚಿಡ್ತಿದಾಳೆ ಅಂತ. ಮೂರು ದಿನದಿಂದ ಅವನು ನಿದ್ದೆ ಮಾಡಿಲ್ಲ. ಅವನು ಬಂದ್ರೆ ಇಲ್ಲೇ ಬಿದ್ದು ಹೋಗ್ತಾನೆ ಅಂತ ನಾನು ಬಂದೆ. ಸುಮ್ನಿದ್ರೆ ಅಳು ಬರುತ್ತೆ ಅಂತ ತಮಾಲೆ, ಹಿಟ್ಟು ಅಂತ ಏನೇನೋ ಒದರ್ತಿದ್ದೆ."

ಮೂರು ದಿನ. ಅವಳು ತಮಾಲೆಯಿಂದ ಪಾರಾದೆನೆಂದು ಹಿಗ್ಗುತ್ತಿದ್ದ ಮೂರು ದಿನವೂ ಗಂಡ ಪಕ್ಕದಲ್ಲಿ ಕಣ್ಣು ಬಿಟ್ಟು ಮಲಗಿದ್ದ. ಅಮ್ಮನ ಕರವಸ್ತ್ರವನ್ನು ನೋಡಿ ಇವಳು ನಕ್ಕಿದ್ದಳು. ಅವನು ನಗಲಿಲ್ಲ, ಹೆದರಿದ. ನಾಚಿಕೆಯಿಂದ ಅವಳ ಕಿವಿಗಳು ಬಿಸಿಯಾದವು, ಹೋದ ವರ್ಷದ ಮೂವತ್ತು ಜನರ ನಗುವಿಗೂ ಇಷ್ಟು ಬಿಸಿಯಾಗಿರಲಿಲ್ಲ. ಹಿಂದಿರುಗಿ ಹೋಗಿ ಸ್ಟೀಲ್ ತಟ್ಟೆಯನ್ನೇ ಎತ್ತಿಕೊಂಡು ಬಂದು, ಅರ್ಧ ತೆರೆದ ಗೌನಿನಲ್ಲೇ, ಅತ್ತಿಗೆಯ ಮುಂದೆ ಹಿಡಿದಳು.

"ಫಿದೆನ್ಸಿಯೊ ಕೈಗೆ ಸಿಕ್ಕಿದ್ದು ಇದು ಅತ್ತಿಗೆ. ಮೊದಲನೇ ರೊಸ್ಕಾದ್ದು. ನಂಗೇ ಬಂದಿತ್ತು."

ಬ್ರಿಹಿದಾ ತಟ್ಟೆಯನ್ನು ನೋಡಿದಳು. ಎನೆದಿನಾಳ ಊದಿದ ದವಡೆಯನ್ನು ನೋಡಿದಳು. ಡಾಕ್ಟರನ್ನು ನೋಡಿದಳು, ಡಾಕ್ಟರ್ ಕಿಟಕಿಯಾಚೆ ಗಾಳಿಯನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದಳು. ಅತ್ತಿಗೆಯ ಮುಖ ಕೆಂಪಾಯಿತು.

"ಆ ತ್ರಾಂಕಿಲಿನೊಗೆ ನಾನು ಏನೇನೆಲ್ಲ ಅಂದೆ ಗೊತ್ತಾ ನಿಂಗೆ?"

"ಗೊತ್ತು."

"ಅವರಮ್ಮನ್ನೂ ಎಳೆದು ತಂದೆ!"

"ನಾನೇ ಹೋಗಿ ಹೇಳ್ತೀನಿ ಅವನಿಗೆ. ಎರಡನೇ ತಾರೀಖು ತಮಾಲೆ ನಮ್ಮನೇಲೇ. ನೀವು ಬೇಕಾದ್ರೆ ಇಟ್ಟಿಗೆ ಅನ್ನಿ."

"ಇಟ್ಟಿಗೆ ಅಂದೇ ಅಂತೀನಿ. ಬಿಡ್ತೀನಾ?" ಎಂದು ಬ್ರಿಹಿದಾ ಎನೆದಿನಾಳ ಸ್ವೆಟರಿನಿಂದಲೇ ಮೂಗೊರೆಸಿಕೊಂಡಳು. "ಹಿಟ್ಟು ನಾನು ಕಲಸ್ತೀನಿ. ನೀನು ಎಲೆ ಕಟ್ಟು, ಸಾಕು. ಫಿದೆನ್ಸಿಯೊಗೆ ಮೊದಲು ಫೋನ್ ಮಾಡು, ನಿಂತ ಕಾಲಲ್ಲೇ ಮಾಡು. ಆಮೇಲೆ ಹಲ್ಲಿನ ಡಾಕ್ಟರ್. ಆಮೇಲೆ ಆ ಇನ್ನೊಂದು ಫೋಟೊ ಹೊಡೀತಾರಲ್ಲ, ಅದಕ್ಕೂ ನಾನೇ ಬರ್ತೀನಿ." ಒಂದೊಂದಾಗಿ ಬಟ್ಟೆ ಕೊಟ್ಟಳು. ಎನೆದಿನಾ ಹಾಕಿಕೊಂಡಳು. ಕೊನೆಗೆ ತಟ್ಟೆಯಿಂದ ಬಾಲಯೇಸುವನ್ನು ಎತ್ತಿಕೊಂಡಳು, ಮತ್ತು ಇಷ್ಟು ದಿನದ ಅಭ್ಯಾಸಬಲದಿಂದ ಕೈ ತಾನಾಗಿ ರವಿಕೆಯ ಎಡಗಡೆಗೆ ಹೋಯಿತು.

ಬ್ರಿಹಿದಾ ಅಂಗೈ ಚಾಚಿ ನಿಂತಿದ್ದಳು.

"ಕೊಡು ಇಲ್ಲಿ," ಎಂದಳು. "ಅಲ್ಲಿ ಇನ್ನು ಏನನ್ನೂ ಮುಚ್ಚಿಡಬೇಡ."